ಮ್ಯಾಂಗನೀಸ್ ಇದ್ದರೆ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಬೇರೆ ಥರ ಆಗುತ್ತಾ?

ಗದ್ದೆ ಮಣ್ಣು ಅಗೆದಾಗ ಕೆಂಪು ತುಕ್ಕಿನ ಗೆರೆಗಳ ಪಕ್ಕದಲ್ಲೇ ಕಪ್ಪು ಚುಕ್ಕೆಗಳು ಕಾಣುತ್ತವೆ, ಇವೆರಡಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ.

ಕೆಂಪು ಬಣ್ಣ ಕಬ್ಬಿಣದ ಆಕ್ಸೈಡ್‌ನದು. ಕಪ್ಪು ಚುಕ್ಕೆ ಹೆಚ್ಚಾಗಿ ಮ್ಯಾಂಗನೀಸ್ ಆಕ್ಸೈಡ್. ಮಣ್ಣಿನಲ್ಲಿ ಅದರ ಸಾಮಾನ್ಯ ರೂಪ ಬರ್ನೆಸೈಟ್.

ಗದ್ದೆಯಲ್ಲಿ ನೀರು ನಿಂತರೆ ಮಣ್ಣಿನೊಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಬೇರೆ ದಾರಿ ಹುಡುಕುತ್ತವೆ: ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಅದಾದ ಮೇಲೆ ಕಬ್ಬಿಣ. ಹೀಗೆ ಬಳಕೆಯಾದ ಮ್ಯಾಂಗನೀಸ್, ಕಬ್ಬಿಣ ನೀರಿನಲ್ಲಿ ಕರಗುತ್ತವೆ. ಅಂದರೆ ಮ್ಯಾಂಗನೀಸ್ ಜಾಸ್ತಿ ಇದ್ದಷ್ಟೂ ಕಬ್ಬಿಣ ಕರಗುವುದು ತಡವಾಗುತ್ತದೆ.

ನನಗೆ ತುಂಬಾ ಇಷ್ಟವಾದ ವಿಷಯ ಮುಂದಿನದು. ತುಕ್ಕು ಹಿಡಿಯಲು ಗಾಳಿ ಬೇಕೇ ಬೇಕು ಅಂದುಕೊಂಡಿರುತ್ತೇವೆ ಅಲ್ವಾ? ಬರ್ನೆಸೈಟ್ ಇದ್ದರೆ ಬೇಡ. ನೀರಿನಲ್ಲಿ ಕರಗಿದ ಕಬ್ಬಿಣ ಅದಕ್ಕೆ ತಾಗಿದ ಕೂಡಲೇ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಅಂದರೆ ತುಕ್ಕಾಗುತ್ತದೆ. ಒಂದು ಮ್ಯಾಂಗನೀಸ್ ಪರಮಾಣು ಎರಡು ಕಬ್ಬಿಣದ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಪಡೆದು ತಾನು ಕರಗಿಹೋಗಬಲ್ಲದು. ಕಬ್ಬಿಣ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಆದರೆ ಈ ತುಕ್ಕೇ ಬರ್ನೆಸೈಟ್ ಮೇಲೆ ಪದರ ಕಟ್ಟುವುದರಿಂದ ಕ್ರಿಯೆ ಬರಬರುತ್ತಾ ನಿಧಾನವಾಗುತ್ತದೆ.

ತುಕ್ಕಿನ ಬಗೆಯೂ ಬದಲಾಗುತ್ತದೆ. ಮೊದಲು ಸಾಮಾನ್ಯವಾಗಿ ಫೆರಿಹೈಡ್ರೈಟ್ ಎಂಬ ಅತಿ ಸಣ್ಣ ಕಣಗಳು ಹುಟ್ಟುತ್ತವೆ. ಕಾಲ ಕಳೆದಂತೆ ಅವು ಗೊಥೈಟ್ ಅಥವಾ ಹೆಮಟೈಟ್ ಎಂಬ ಹೆಚ್ಚು ಸ್ಥಿರವಾದ ಹರಳುಗಳಾಗಬೇಕು. ಕರಗಿದ ಮ್ಯಾಂಗನೀಸ್ ಈ ಬದಲಾವಣೆಯನ್ನು ನಿಧಾನ ಮಾಡುತ್ತದೆ. ಫೆರಿಹೈಡ್ರೈಟ್‌ನ ಮೇಲ್ಮೈ ತುಂಬಾ ದೊಡ್ಡದು, ಹಾಗಾಗಿ ರಂಜಕ, ವಿಷವಾದ ಆರ್ಸೆನಿಕ್ ಎರಡನ್ನೂ ಬಿಗಿಯಾಗಿ ಹಿಡಿದಿಡುತ್ತದೆ. ಬಾಂಗ್ಲಾದೇಶ, ಪಶ್ಚಿಮ ಬಂಗಾಳದಂಥ ಕಡೆ, ಆರ್ಸೆನಿಕ್ ಇರುವ ನೀರಿನಲ್ಲಿ ಭತ್ತ ಬೆಳೆಯುವವರಿಗೆ ಇದು ಊಟದ ತಟ್ಟೆಯವರೆಗೂ ಮುಟ್ಟುವ ವಿಷಯ.