ರಾಜಕೀಯ ಒಲವಿಗೂ ಯೋಚನಾಶಕ್ತಿಗೂ ದುಡ್ಡಿಗೂ ನಂಟಿದೆಯೇ?

ಯಾವ ಪಕ್ಷದ ಕಡೆ ಒಲವಿರುವವರು ಚೆನ್ನಾಗಿ ಯೋಚನೆ ಮಾಡುತ್ತಾರೆ, ಯಾರು ಜಾಸ್ತಿ ದುಡ್ಡು ಮಾಡುತ್ತಾರೆ ಎಂದು ಕೇಳಿದ್ದೀರಿ. ನಾನು ಶಿವಮೊಗ್ಗದಲ್ಲಿ ಹದಿನಾರು ವರ್ಷದಿಂದ ಮ್ಯೂಚುವಲ್ ಫಂಡ್ ವಿತರಕ. ಎಲ್ಲ ಪಕ್ಷದವರ ಲೆಕ್ಕವೂ ನನ್ನ ಮೇಜಿನ ಮೇಲೆ ಬಂದು ಹೋಗುತ್ತದೆ. ಒಲವು ನೋಡಿ ಯಾರ ಬುದ್ಧಿಯನ್ನೂ ಅಳೆಯಲು ನನಗೆ ಇವತ್ತಿನವರೆಗೆ ಆಗಿಲ್ಲ. ಆದರೆ ಒಲವು ಬುದ್ಧಿಯ ಕೈ ಕಟ್ಟಿ ಹಾಕುವುದನ್ನು ಕಣ್ಣಾರೆ ನೋಡಿದ್ದೇನೆ.

2024ರ ಜೂನ್ 4, ಮಂಗಳವಾರ. ಲೋಕಸಭೆ ಚುನಾವಣೆಯ ಎಣಿಕೆ. ಹಿಂದಿನ ದಿನ ಎಕ್ಸಿಟ್ ಪೋಲ್ ನಂಬಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ದಾಖಲೆ ಎತ್ತರಕ್ಕೆ ಹೋಗಿತ್ತು. ಬಿಜೆಪಿಗೆ ಸ್ವಂತ ಬಹುಮತ ಕಷ್ಟ ಎಂದು ಗೊತ್ತಾಗುತ್ತಿದ್ದಂತೆ ಕುಸಿಯಿತು. ಸಂಜೆಗೆ 4,390 ಅಂಕ ಹೋಗಿತ್ತು. ಮಧ್ಯಾಹ್ನ ಒಬ್ಬರು ಬಂದರು, ನಿವೃತ್ತ ಇಂಜಿನಿಯರ್, ಆ ಪಕ್ಷದ ಕಟ್ಟಾ ಅಭಿಮಾನಿ. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. "ಎಲ್ಲಾ ತೆಗೆದುಬಿಡಿ. ಇನ್ನು ಈ ದೇಶ ಉದ್ಧಾರ ಆಗಲ್ಲ" ಎಂದರು. ಮಗಳ ಮದುವೆಗೆಂದು ಹನ್ನೊಂದು ವರ್ಷ ತಿಂಗಳು ತಿಂಗಳು ಕಟ್ಟಿದ ದುಡ್ಡು. ಮದುವೆ ಇನ್ನೂ ಗೊತ್ತಾಗಿರಲಿಲ್ಲ. ಒಂದು ವಾರ ಕಾಯಿರಿ ಸಾರ್ ಎಂದು ಬೇಡಿಕೊಂಡೆ. ಮೂರು ಗಂಟೆಯೊಳಗೆ ಅರ್ಜಿ ಹೋದರೆ ಅವತ್ತಿನ ಬೆಲೆಯೇ ಸಿಗುತ್ತದೆ. ಎರಡು ಐವತ್ತಕ್ಕೆ ಒಟಿಪಿ ಒತ್ತಿ ಮುಗಿಸಿದರು. ಅದೇ ಶುಕ್ರವಾರ ಸೆನ್ಸೆಕ್ಸ್ 76,693ಕ್ಕೆ ಮುಗಿಯಿತು. ಅದು ಹೊಸ ದಾಖಲೆ.

ಇನ್ನೊಬ್ಬರು ಕಾಲೇಜಿನಲ್ಲಿ ಗಣಿತ ಹೇಳಿದ ಮೇಷ್ಟ್ರು. ರಾಜಕೀಯದಲ್ಲಿ ಇವರದು ಪೂರ್ತಿ ಎದುರು ದಿಕ್ಕು. 2014ರಲ್ಲಿ ಸರ್ಕಾರ ಬದಲಾದಾಗ ಇದ್ದ ಫಂಡನ್ನೆಲ್ಲ ಮಾರಿ ಬ್ಯಾಂಕಿನಲ್ಲಿ ಠೇವಣಿ ಇಟ್ಟರು. "ಇವರ ಕೈಯಲ್ಲಿ ಎಕಾನಮಿ ಬಿದ್ದೇ ಬೀಳುತ್ತೆ" ಎಂಬುದು ಅವರ ಮಾತು. ಆಗ ಸೆನ್ಸೆಕ್ಸ್ ಸುಮಾರು 24,000. ಹತ್ತು ವರ್ಷದಲ್ಲಿ ಮೂರು ಪಟ್ಟಾಯಿತು. ಠೇವಣಿ ಇಡುವುದು ತಪ್ಪಲ್ಲ, ನಿದ್ದೆ ಕೆಡುತ್ತದೆ ಎನ್ನುವವರಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಮೇಷ್ಟ್ರು ಇಟ್ಟಿದ್ದು ನಿದ್ದೆಗಾಗಿ ಅಲ್ಲ, ಸಿಟ್ಟಿಗಾಗಿ.

ಇಬ್ಬರೂ ಲೆಕ್ಕದಲ್ಲಿ ನನಗಿಂತ ಎಷ್ಟೋ ಮುಂದೆ. ಅದೇ ನನ್ನನ್ನು ಬಹಳ ಕಾಡಿತ್ತು. ಆಮೇಲೆ ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಾಹನ್ ಮತ್ತು ಜೊತೆಗಾರರು 2013ರಲ್ಲಿ ಹೊರತಂದ ಒಂದು ಪ್ರಯೋಗದ ಬಗ್ಗೆ ಓದಿದೆ. ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಅದರಲ್ಲಿದ್ದರು. ಕೆಲವರಿಗೆ ಚರ್ಮದ ಗುಳ್ಳೆಗೆ ಹಚ್ಚುವ ಕ್ರೀಮಿನ ಲೆಕ್ಕ ಕೊಟ್ಟರು. ಹಚ್ಚಿದವರಲ್ಲಿ 223 ಜನಕ್ಕೆ ಗುಣ, 75 ಜನಕ್ಕೆ ಗುಳ್ಳೆ ಜಾಸ್ತಿ. ಹಚ್ಚದವರಲ್ಲಿ 107 ಜನಕ್ಕೆ ಗುಣ, 21 ಜನಕ್ಕೆ ಜಾಸ್ತಿ. 223 ನೋಡಿದ ಕೂಡಲೇ ಕ್ರೀಮ್ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಭಾಗಿಸಿ ನೋಡಿ. ಹಚ್ಚಿದವರಲ್ಲಿ ನೂರಕ್ಕೆ 75 ಜನಕ್ಕೆ ಗುಣ, ಹಚ್ಚದವರಲ್ಲಿ 84. ಲೆಕ್ಕ ಚೆನ್ನಾಗಿ ಬರುವವರು ಇದನ್ನು ಹಿಡಿದರು. ಇನ್ನು ಕೆಲವರಿಗೆ ಅವೇ ಅಂಕಿಗಳನ್ನು ಬಂದೂಕು ನಿಷೇಧ ಮತ್ತು ಅಪರಾಧದ ಲೆಕ್ಕ ಎಂದು ಕೊಟ್ಟರು. ಉತ್ತರ ತಮ್ಮ ಪಕ್ಷಕ್ಕೆ ಒಪ್ಪುವಂತಿದ್ದರೆ ಜಾಣರು ಭಾಗಿಸಿ ನೋಡಿದರು. ಒಪ್ಪದಿದ್ದರೆ ಮೊದಲ ನೋಟಕ್ಕೇ ನಿಂತರು. ಎರಡೂ ಪಕ್ಷದವರ ನಡುವಿನ ಅಂತರ ಲೆಕ್ಕ ಬಾರದವರಿಗಿಂತ ಲೆಕ್ಕ ಬರುವವರಲ್ಲೇ ದೊಡ್ಡದಾಗಿತ್ತು. ಅದನ್ನು ಓದುವಾಗ ಇಂಜಿನಿಯರೂ ಮೇಷ್ಟ್ರೂ ಒಟ್ಟಿಗೆ ನೆನಪಾದರು.

ಮಾರ್ಕೆಟ್ಟಿಗೂ ಇದೇ ಕಾಯಿಲೆ ಬರುತ್ತದೆ. 2004ರ ಮೇ 17ರಂದು, ಎಡಪಕ್ಷಗಳ ಬೆಂಬಲದ ಸರ್ಕಾರ ಬರುತ್ತದೆ ಎಂಬ ಹೆದರಿಕೆಗೆ ಸೆನ್ಸೆಕ್ಸ್ ಒಂದೇ ದಿನ ಶೇಕಡಾ 11ರಷ್ಟು ಬಿತ್ತು, ಸುಮಾರು 4,500ಕ್ಕೆ. 2008ರ ಜನವರಿಯಲ್ಲಿ ಅದೇ ಸೆನ್ಸೆಕ್ಸ್ 21,000 ಮುಟ್ಟಿತ್ತು.

ಇನ್ನು ಎರಡನೇ ಪ್ರಶ್ನೆ, ಶ್ರೀಮಂತಿಕೆ. ಒಲವಿನಿಂದ ದುಡ್ಡು ಬರುತ್ತದೋ ಇಲ್ಲವೋ, ದುಡ್ಡು ಬಂದ ದಾರಿಯಿಂದ ಒಲವು ಹುಟ್ಟುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮೂರು ಸಾಗರ ತಾಲ್ಲೂಕು, ಕಾಗೋಡಿಗೆ ಹತ್ತಿರ. 1951ರಲ್ಲಿ ಗೇಣಿದಾರರು ಧಣಿಗಳ ಎದುರು ಸತ್ಯಾಗ್ರಹ ಮಾಡಿದ ಕಾಗೋಡು. ನಮ್ಮಜ್ಜ ಗೇಣಿ ಒಕ್ಕಲು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಭೂಸುಧಾರಣೆ ಕಾನೂನು ಬಂದ ಮೇಲೆ ಉಳುವ ಗದ್ದೆ ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಫಾರ್ಮ್ ನಂಬರ್ 7ರಲ್ಲಿ ಅರ್ಜಿ ಹಾಕಿದರು. ಎರಡು ಎಕರೆ ಗದ್ದೆ ಅವರ ಹೆಸರಿಗೆ ಆಯಿತು. ಭೂನ್ಯಾಯಮಂಡಳಿಯ ಆ ಆದೇಶ ಇವತ್ತಿಗೂ ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ ಪಂಚೆಗಳ ಕೆಳಗಿದೆ, ಮಡಿಕೆಯಲ್ಲಿ ಹರಿದಿದೆ. ಆ ಗದ್ದೆಯ ಭತ್ತದಿಂದ ಅಪ್ಪ ಓದಿದರು, ಅಪ್ಪನ ಸಂಬಳದಿಂದ ನಾನು ಬಿ.ಕಾಂ. ಮುಗಿಸಿದೆ. ನನ್ನ ಜೊತೆ ಹೈಸ್ಕೂಲಿಗೆ ಬರುತ್ತಿದ್ದ ಒಬ್ಬ ಗೆಳೆಯನ ಮನೆಯವರು ಅದೇ ಕಾನೂನಿನಿಂದ ಗದ್ದೆ ಕಳೆದುಕೊಂಡವರು. ಅವನ ಅಜ್ಜಿ ತಾಮ್ರದ ಹಂಡೆ ಮಾರಿ ಮಕ್ಕಳ ಫೀಸು ಕಟ್ಟಿದ್ದರು. ನಾವಿಬ್ಬರೂ ಯಾವ ಕಡೆ ವೋಟು ಹಾಕುತ್ತೇವೆ ಎಂದು ಬೇರೆ ಹೇಳಬೇಕಿಲ್ಲ. ಓದಿ, ಯೋಚಿಸಿ ಈ ನಿಲುವಿಗೆ ಬಂದೆವು ಎಂದೇ ಇಬ್ಬರೂ ಬಹಳ ಕಾಲ ನಂಬಿದ್ದೆವು. ಅವನು ಈಗ ನನಗಿಂತ ಚೆನ್ನಾಗಿ ಸಂಪಾದಿಸುತ್ತಾನೆ. ಅದಕ್ಕೆ ಕಾರಣ ಅವನ ಪಕ್ಷವಲ್ಲ, ಸರಿಯಾದ ವರ್ಷದಲ್ಲಿ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕೆಲಸ ಹಿಡಿದದ್ದು.

ಈಗ ಚುನಾವಣೆ ಕಾರಣಕ್ಕೆ ಯಾರಾದರೂ ಮಾರುತ್ತೇನೆ ಎಂದು ಬಂದರೆ ಒಂದು ಖಾಲಿ ಹಾಳೆ ಕೊಡುತ್ತೇನೆ. ಇದೇ ಸುದ್ದಿ ನಿಮ್ಮ ಪಕ್ಷ ಗೆದ್ದ ದಿನ ಬಂದಿದ್ದರೆ ಮಾರುತ್ತಿದ್ದಿರಾ, ಯಾಕೆ ಎಂದು ಬರೆದು ತಾರೀಕು ಹಾಕಿ ಎನ್ನುತ್ತೇನೆ. ಕೆಲವರು ಬೇಜಾರು ಮಾಡಿಕೊಂಡು ಎದ್ದು ಹೋಗುತ್ತಾರೆ. ಕೆಲವರು ಪೆನ್ನು ಹಿಡಿದು ತುಂಬಾ ಹೊತ್ತು ಸುಮ್ನೆ ಕೂರುತ್ತಾರೆ. ಮೇಷ್ಟ್ರು ಹೋದ ವರ್ಷ ಆ ಹಾಳೆ ಮನೆಗೆ ಒಯ್ದರು. ಹದಿನೈದು ದಿನ ಬಿಟ್ಟು ಬಂದು ಫಂಡಿಗೆ ತಿಂಗಳಿಗೆ ಐದು ಸಾವಿರ ಕಟ್ಟುವ ಎಸ್‌ಐಪಿ ಶುರು ಮಾಡಿದರು. ಪಕ್ಷ ಬದಲಿಸಿಲ್ಲ. ಹಾಳೆಯಲ್ಲಿ ಏನು ಬರೆದರು ಎಂದು ನಾನೂ ಕೇಳಿಲ್ಲ.