ಫೋರ್ಟ್‌ನಲ್ಲಿ ಆಫೀಸ್ ಇದ್ದರೆ ನೌಕರರಿಗೆ ನಿಜವಾಗಿ ಏನು ಲಾಭ?

ನೀವು ಕೇಳಿದ್ದು ಇಷ್ಟು: ಮನೆ ಡೊಂಬಿವಲಿಯಲ್ಲಿ, ಮೂರು ವರ್ಷದ ಮಗಳು, ಕೆಲಸ ಆಡಿಟ್. ಒಂದು ಆಫರ್ ದಕ್ಷಿಣ ಮುಂಬಯಿಯ ಫೋರ್ಟ್‌ನಲ್ಲಿ, ಇನ್ನೊಂದು ನವಿ ಮುಂಬಯಿಯ ಐರೋಲಿಯಲ್ಲಿ. ಸಂಬಳ ಹೆಚ್ಚೂಕಡಿಮೆ ಒಂದೇ. ಫೋರ್ಟ್‌ನ ಎಚ್‌ಆರ್ ಮಾತ್ರ "ನಮ್ಮ ಲೊಕೇಶನ್ನೇ ದೊಡ್ಡ ಬೆನಿಫಿಟ್" ಅಂದರಂತೆ. ಇದು ನಿಜವಾ, ಸುಮ್ನೆ ಮಾತಾ?

ಅರ್ಧ ನಿಜ. ನಾನೂ ಕಲ್ಯಾಣ್ ಕಡೆಯಿಂದ ಬಂದು ಹಾರ್ನಿಮನ್ ಸರ್ಕಲ್ ಹತ್ತಿರ ಟ್ಯಾಕ್ಸ್ ಕೆಲಸ ಮಾಡುವವನು. ಆದ್ದರಿಂದ ಎಚ್‌ಆರ್ ಹೇಳದ್ದನ್ನೂ ಸೇರಿಸಿ ಹೇಳುತ್ತೇನೆ.

ಫೋರ್ಟ್‌ನ ದೊಡ್ಡ ಲಾಭ ಸಂಜೆಗೆ ಸಿಗುವುದು. ಫೋರ್ಟ್ ಪಕ್ಕದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸೆಂಟ್ರಲ್ ಲೈನಿನ ಕೊನೆ ಸ್ಟೇಷನ್. ಗಾಡಿ ಅಲ್ಲಿ ಖಾಲಿಯಾಗಿ, ಅಲ್ಲಿಂದಲೇ ಹೊರಡುತ್ತದೆ. ಅಂದರೆ ಕೂರಲು ಸೀಟು. ದಾದರ್‌ನಲ್ಲೋ ಭಾಯ್ಖಳಾದಲ್ಲೋ ಆಫೀಸ್ ಇರುವವರನ್ನು ಕೇಳಿ ನೋಡಿ, ಆರೂವರೆ ಗಂಟೆಗೆ ಅವರಿಗೆ ಬಾಗಿಲಲ್ಲಿ ಕಾಲಿಡಲು ಜಾಗ ಸಿಕ್ಕರೆ ದೊಡ್ಡದು. ಹಾಗಂತ ಸಿಎಸ್‌ಎಂಟಿಯಲ್ಲಿ ಸೀಟು ಪುಕ್ಕಟೆ ಸಿಗುವುದಿಲ್ಲ. ಗಾಡಿ ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಅರ್ಧ ಜನ ಹಾರಿ ಒಳಗಿರುತ್ತಾರೆ. ಲೇಡೀಸ್ ಡಬ್ಬಿಯಲ್ಲೂ ಅದೇ ಕಥೆ. ಹಾರುವ ಕೆಲಸ ಬೇಡ. ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಮುಂದಿನ ಸಾಲಿನಲ್ಲಿ ನಿಂತರೆ ಸಾಕು. ಇನ್ನೊಂದು ಮಾತು: ಕರ್ಜತ್, ಕಸಾರಾ ಫಾಸ್ಟ್ ಗಾಡಿ ಹತ್ತಬೇಡಿ. ಬದ್ಲಾಪುರ, ಟಿಟ್ವಾಲಾದವರಿಗೆ ಡೊಂಬಿವಲಿಯವರು ಆ ಗಾಡಿಯಲ್ಲಿ ಕೂತರೆ ಮೈಯೆಲ್ಲ ಉರಿ, ಅವರ ಸಿಟ್ಟಿನಲ್ಲಿ ತಪ್ಪೂ ಇಲ್ಲ. ಡೊಂಬಿವಲಿ ಅಥವಾ ಕಲ್ಯಾಣ್ ಲೋಕಲ್ ಹಿಡಿಯಿರಿ.

ಬೆಳಿಗ್ಗೆ ಇದಕ್ಕೆಲ್ಲ ಬಡ್ಡಿ ಕಟ್ಟಬೇಕು. ಫಾಸ್ಟ್ ಗಾಡಿಯಾದರೂ ಒಂದೂಕಾಲು ಗಂಟೆ ಹತ್ತಿರ ಹೋಗುತ್ತದೆ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ನಿಮ್ಮ ಟೈಮಿಗೆ ಇದ್ದರೆ ಬಚಾವ್. ಹಾಗಾಗಿ ಲೊಕೇಶನ್‌ಗಿಂತ ಮೊದಲು ನೋಡಬೇಕಾದ್ದು ಆಫೀಸ್ ಟೈಮಿಂಗ್. ಹತ್ತೂವರೆಗೆ ಬಂದರೂ ನಡೆಯುತ್ತದೆ ಅಂದರೆ ಫೋರ್ಟ್ ಬೇರೆ, ಒಂಬತ್ತಕ್ಕೆ ಪಂಚ್ ಮಾಡಲೇಬೇಕು ಅಂದರೆ ಅದೇ ಫೋರ್ಟ್ ಬೇರೆ.

ಆಫೀಸ್ ನಿಖರವಾಗಿ ಎಲ್ಲಿ ಅಂತಲೂ ಕೇಳಿ. ಬಲ್ಲಾರ್ಡ್ ಎಸ್ಟೇಟ್, ಹಾರ್ನಿಮನ್ ಸರ್ಕಲ್ ಆದರೆ ಸ್ಟೇಷನ್ನಿಂದ ನಡೆದೇ ಹೋಗಬಹುದು. ನರಿಮನ್ ಪಾಯಿಂಟ್, ಕಫ್ ಪರೇಡ್ ಅಂದರೆ ಬೆಸ್ಟ್ (ಮುಂಬಯಿಯ ನಗರ ಸಾರಿಗೆ) ಬಸ್ಸೋ ಶೇರ್ ಟ್ಯಾಕ್ಸಿಯೋ ಬೇಕು. ಆ ಕಡೆ ಆಟೋ ಇಲ್ಲ, ಅವು ಸಾಯನ್, ಬಾಂದ್ರಾ ದಾಟಿ ಬರುವ ಹಾಗಿಲ್ಲ. 2025ರ ಅಕ್ಟೋಬರ್‌ನಿಂದ ಮೆಟ್ರೋ 3 ಪೂರ್ತಿ ಓಡುತ್ತಿರುವುದರಿಂದ ಸಿಎಸ್‌ಎಂಟಿಯಿಂದ ವಿಧಾನ ಭವನ, ಕಫ್ ಪರೇಡ್‌ಗೆ ನೆಲದಡಿಯಲ್ಲೇ ಹೋಗಬಹುದು. ಅದಕ್ಕಿಂತ ಜಾಸ್ತಿ ಉಪಯೋಗ ಇನ್ನೊಂದು ದಿಕ್ಕಿಗೆ. ಕ್ಲೈಂಟ್ ಬಿಕೆಸಿಯಲ್ಲಿ (ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್) ಕರೆದರೆ ಮೊದಲು ಬಾಂದ್ರಾಕ್ಕೆ ಹೋಗಿ, ಹೊರಗೆ ಆಟೋದವರ ಹತ್ತಿರ ಜಗಳ ಆಡಬೇಕಿತ್ತು. ಈಗ ನೇರ ಗಾಡಿ.

ನಿಮ್ಮ ಕೆಲಸಕ್ಕೆ ಮಾತ್ರ ಫೋರ್ಟ್ ಹೇಳಿ ಮಾಡಿಸಿದ ಜಾಗ. ಇನ್‌ಕಮ್ ಟ್ಯಾಕ್ಸ್‌ನ ಆಯಕರ್ ಭವನ ಚರ್ಚ್‌ಗೇಟ್ ಹತ್ತಿರ, ಕಂಪನಿ ರಿಜಿಸ್ಟ್ರಾರ್ ಮರೀನ್ ಡ್ರೈವ್‌ನಲ್ಲಿ, ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿ ಎನ್‌ಸಿಎಲ್‌ಟಿ ಕಫ್ ಪರೇಡ್‌ನಲ್ಲಿ. ರಿಸರ್ವ್ ಬ್ಯಾಂಕ್, ಷೇರುಪೇಟೆ, ವಕೀಲರ ಚೇಂಬರುಗಳು ಎಲ್ಲ ಅಲ್ಲಲ್ಲೇ. ದೊಡ್ಡ ಬ್ಯಾಂಕುಗಳು ಬಿಕೆಸಿಗೆ ಹೋದವು ನಿಜ, ಆದರೆ ಹಿಯರಿಂಗ್ ಮುಗಿಸಿ ಊಟದ ಹೊತ್ತಿಗೆ ಟೇಬಲ್ಲಿಗೆ ವಾಪಸ್ ಬರುವ ಸುಖ ಐರೋಲಿಯಲ್ಲಿ ಸಿಗದು. ಚಿಕ್ಕ ವಯಸ್ಸಿನಲ್ಲಿ ಇಂಥ ಓಡಾಟದಲ್ಲೇ ನಾಲ್ಕು ಜನರ ಪರಿಚಯ ಆಗುತ್ತದೆ. ಮುಂದಿನ ಕೆಲಸ ಸಿಗುವುದೂ ಅಲ್ಲಿಂದಲೇ. ಮುಂದೆ ಓದುವ ಆಸೆ ಇದ್ದರೆ ಚರ್ಚ್‌ಗೇಟ್‌ನಲ್ಲಿ ಜಮ್ನಾಲಾಲ್ ಬಜಾಜ್ ಮ್ಯಾನೇಜ್‌ಮೆಂಟ್ ಕಾಲೇಜು ಇದೆ, ಕೆಲಸದಲ್ಲಿರುವವರಿಗೆ ಸಂಜೆ ಕ್ಲಾಸ್ ನಡೆಸಿ ಹೆಸರು ಮಾಡಿದ ಸಂಸ್ಥೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ನಮ್ಮವರು ಈ ಊರಿನಲ್ಲಿ ಎಷ್ಟು ಜನ ಅಲ್ವಾ!

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಲ್ಲಿ ಗಲ್ಲಿಯಲ್ಲಿ ಉಡುಪಿ ಹೋಟೆಲ್, ರೈಸ್ ಪ್ಲೇಟ್ ಜೇಬಿಗೆ ಭಾರ ಆಗದು. ಮೀನು ತಿನ್ನುವವರಿಗೆ ಮಹೇಶ್, ಅಪೂರ್ವ ಇವೆ, ಸಂಬಳದ ವಾರಕ್ಕೆ ಮಾತ್ರ.

ಊರಿಗೆ ಹೋಗುವ ವಿಷಯದಲ್ಲಿ ಒಂದು ಸಣ್ಣ ಅನುಕೂಲ. ಮಂಗಳೂರು ಎಕ್ಸ್‌ಪ್ರೆಸ್, ವಿಜಯಪುರ–ಗದಗ ಮೇಲೆ ಹೋಗುವ ಹೊಸಪೇಟೆ ಎಕ್ಸ್‌ಪ್ರೆಸ್ ಎರಡೂ ರಾತ್ರಿ ಸಿಎಸ್‌ಎಂಟಿಯಿಂದ ಹೊರಡುತ್ತವೆ. ಶುಕ್ರವಾರ ಬ್ಯಾಗ್ ಆಫೀಸಿಗೇ ತಂದರೆ ರಜೆ ಉಳಿಯುತ್ತದೆ.

ಇನ್ನು ಎಚ್‌ಆರ್ ಹೇಳದ ಭಾಗ. ಫೋರ್ಟ್‌ನ ಹಳೇ ಕಟ್ಟಡಗಳು ಹೊರಗಿನಿಂದ ಫೋಟೋ ತೆಗೆಯೋ ಹಾಗಿರುತ್ತವೆ. ಒಳಗೆ ಮರದ ಮೆಟ್ಟಿಲು, ನಾಲ್ಕು ಜನ ಹಿಡಿಸುವ ಜಾಲರಿ ಬಾಗಿಲಿನ ಲಿಫ್ಟ್, ಅದೂ ಮಧ್ಯಾಹ್ನದ ಮೇಲೆ ಬಂದ್. ಕ್ಯಾಂಟೀನ್ ಇರುವುದಿಲ್ಲ. ನಾನು ಮೊದಲಿದ್ದ ಒಂದು ಆಫೀಸಿನಲ್ಲಿ ಎರಡು ಮಹಡಿಗೆ ಸೇರಿ ಒಂದೇ ಟಾಯ್ಲೆಟ್. ಸಂಬಳ ಏರಿಸಿ ಅಂದರೆ "ಅಡ್ರೆಸ್ ನೋಡ್ರಿ" ಅನ್ನುತ್ತಿದ್ದರು. ಸಂದರ್ಶನಕ್ಕೆ ಹೋದಾಗ ಟಾಯ್ಲೆಟ್ ನೋಡಿಕೊಂಡು ಬನ್ನಿ, ನಾಚಿಕೆ ಬೇಡ.

ಮಳೆಗಾಲ ಇನ್ನೊಂದು ತಲೆನೋವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು, ಅದೇ ದಿನ ಕೊಲಾಬಾದಲ್ಲಿ ಬರೀ 73. ಫೋರ್ಟ್‌ನ ಕಿಟಕಿಯಿಂದ ನೋಡುವ ಬಾಸ್‌ಗೆ ಸಾಯನ್, ಕುರ್ಲಾದಲ್ಲಿ ಹಳಿ ಮುಳುಗಿದ್ದು ಕಾಣಿಸುವುದೇ ಇಲ್ಲ. ಮಳೆಯ ದಿನ ಬೇಗ ಬಿಡುತ್ತಾರಾ, ಮನೆಯಿಂದ ಕೆಲಸ ಕೊಡುತ್ತಾರಾ ಅಂತ ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ.

ನಿಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಮಗಳು. 50 ಅಥವಾ ಜಾಸ್ತಿ ಜನ ಇರುವ ಆಫೀಸಿಗೆ ಮಕ್ಕಳ ಕ್ರೆಶ್ ಕಡ್ಡಾಯ, ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ನೋಡಿ ಬರುವ ಹಕ್ಕೂ ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಬಂದ ನಿಯಮ. ಆದರೆ ಫೋರ್ಟ್‌ನಲ್ಲಿ ಕ್ರೆಶ್ ಇದ್ದು ಏನು ಬಂತು? ಬೆಳಗಿನ ಗಾಡಿಯಲ್ಲಿ ಮೂರು ವರ್ಷದ ಕೂಸನ್ನು ತರೋಕಾಗುತ್ತಾ? ಐರೋಲಿಗೆ ಠಾಣೆಯಲ್ಲಿ ಗಾಡಿ ಬದಲಿಸಿದರೆ ಆಯಿತು, ಕಂಪನಿ ಬಸ್ ಇದ್ದರೆ ಇನ್ನೂ ಸುಲಭ. ಮಗುವಿಗೆ ಜ್ವರ ಅಂತ ಫೋನ್ ಬಂದರೆ ಬೇಗ ಮನೆ ಸೇರಬಹುದು. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರೆ ಫೋರ್ಟ್ ಒಪ್ಪಿಕೊಳ್ಳಿ. ಯಾರೂ ಇಲ್ಲದಿದ್ದರೆ ಸದ್ಯಕ್ಕೆ ಐರೋಲಿ. ಇದು ನನ್ನ ಅಭಿಪ್ರಾಯ. ಆಡಿಟ್‌ನವರಿಗೆ ಫೋರ್ಟ್ ಎರಡು ವರ್ಷ ಬಿಟ್ಟು ಕೂಡ ಅಲ್ಲೇ ಇರುತ್ತದೆ.

ಫೋರ್ಟ್‌ಗೇ ಹೋಗುವುದಾದರೆ ಲೊಕೇಶನ್ ಅನ್ನುವ ಬೆನಿಫಿಟ್ಟನ್ನು ಕಾಗದದ ಮೇಲೆ ತರಿಸಿ. ಫಸ್ಟ್ ಕ್ಲಾಸ್ ಪಾಸಿನ ದುಡ್ಡು ಕೇಳಿ, ಮೂರು ತಿಂಗಳದ್ದು ಒಟ್ಟಿಗೆ ಮಾಡಿಸಿದರೆ ಅಗ್ಗ. ಆಫರ್ ಲೆಟರ್‌ನಲ್ಲಿ ಕನ್ವೇಯನ್ಸ್ ಅಲೋವನ್ಸ್ ಅಂತ ಬೇರೆ ಸಾಲು ಕಂಡರೆ ಹಿಗ್ಗಬೇಡಿ. ಓಡಾಟದ ಭತ್ಯೆಗೆ ತಿಂಗಳಿಗೆ 1,600 ರೂಪಾಯಿ ತನಕ ಇದ್ದ ತೆರಿಗೆ ವಿನಾಯಿತಿ 2018ರಲ್ಲೇ ಹೋಯಿತು, ಅದರ ಜಾಗಕ್ಕೆ ಬಂದ ಸ್ಟ್ಯಾಂಡರ್ಡ್ ಡಿಡಕ್ಷನ್ ಎಲ್ಲ ಸಂಬಳದಾರರಿಗೂ ಸಿಗುತ್ತದೆ. ಬರುವ ಹೋಗುವ ಟೈಮನ್ನು ಮಾತ್ರ ಬಾಯಿಮಾತಿಗೆ ಬಿಡಬೇಡಿ. ಎಚ್‌ಆರ್ ಹತ್ತಿರ ಮೇಲ್‌ನಲ್ಲೇ ಹಾಕಿಸಿಕೊಳ್ಳಿ, ಸಹಿ ಆಮೇಲೆ ಮಾಡಿ.