ಓದುಗರ ಪ್ರಶ್ನೆ, ನಮ್ಮ ಉತ್ತರ: ಅಪಾಯವನ್ನು ಹೇಳಿದವನಿಗೇ ದಂಡವಾದರೆ ಹೇಳುವವರು ಯಾರು?

ಪ್ರಶ್ನೆ: ಬೈಕಂಪಾಡಿಯ ಮೀನು ಸಂಸ್ಕರಣಾ ಘಟಕವೊಂದರಲ್ಲಿ ನಾನು ಪಾಳಿಯ ಮೇಲ್ವಿಚಾರಕ. ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ ಆಚರಿಸಿ ಪ್ರತಿಜ್ಞೆ ಓದುತ್ತೇವೆ. ಗೋಡೆಯ ತುಂಬ ಫಲಕಗಳಿವೆ. ಆದರೂ ಸುರಕ್ಷತೆ ನನ್ನೊಬ್ಬನ ತಲೆನೋವಾಗಿಯೇ ಉಳಿದಿದೆ. ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳನ್ನು ಬರೆಯಲೆಂದು ಇಟ್ಟ ಪುಸ್ತಕದಲ್ಲಿ ತಿಂಗಳುಗಟ್ಟಲೆ ಒಂದಕ್ಷರವೂ ಇರುವುದಿಲ್ಲ. ಇದು ತಮ್ಮದೂ ಹೊಣೆ ಎಂದು ಎಲ್ಲರಿಗೂ ಅನಿಸುವಂತೆ ಮಾಡುವುದು ಹೇಗೆ?
— ಹೆಸರು ಬೇಡ, ಸುರತ್ಕಲ್

ಉತ್ತರ: ಆ ಖಾಲಿ ಪುಸ್ತಕವನ್ನು ಕಂಡು ನಿಮ್ಮ ಆಡಳಿತದವರು ಸಮಾಧಾನಪಡುತ್ತಿದ್ದರೆ ಅದಕ್ಕೆ ಆಧಾರವಿಲ್ಲ. ನೆಲದ ತುಂಬ ನೀರು, ಮಂಜುಗಡ್ಡೆಯ ಚೂರು, ಮೀನಿನ ಲೋಳೆ ಇರುವ ಕಡೆ ತಿಂಗಳಿಡೀ ಯಾರೂ ಜಾರಲಿಲ್ಲವೆಂದರೆ ನಂಬುವ ಮಾತಲ್ಲ. ಜಾರಿದವರು ಹೇಳಲಿಲ್ಲ, ಅಷ್ಟೇ. ಹಿಂದೊಮ್ಮೆ ಹೇಳಿದವನಿಗೆ ಏನಾಯಿತೆಂಬುದನ್ನು ಮೊದಲು ವಿಚಾರಿಸಿ. “ನೋಡಿಕೊಂಡು ಕೆಲಸ ಮಾಡಬಾರದೇ?” ಎಂದು ಎಲ್ಲರೆದುರು ಬೈಸಿಕೊಂಡಿದ್ದರೆ, ಅಥವಾ ಸುದ್ದಿ ಗುತ್ತಿಗೆದಾರನ ಕಿವಿಗೆ ಬಿದ್ದು ಮರುದಿನ ಅವನನ್ನು ಕೆಲಸಕ್ಕೆ ಕರೆಯದೆ ಹೋಗಿದ್ದರೆ, ಉಳಿದವರು ಅಂದೇ ಪಾಠ ಕಲಿತಿರುತ್ತಾರೆ. ಆ ಪಾಠವನ್ನು ಯಾವ ಫಲಕವೂ ಅಳಿಸಲಾರದು.

ಒಂದು ಉದಾಹರಣೆ ನೋಡೋಣ. ಮೀನು ಸಾಗಿಸುವ ಕನ್ವೇಯರ್ ಬೆಲ್ಟ್ ತೊಳೆಯಲು ಬಿಚ್ಚಿದ ಗಾರ್ಡನ್ನು, ಅಂದರೆ ಕೈ ಸಿಲುಕದಂತೆ ತಡೆಯುವ ಮುಚ್ಚಳವನ್ನು, ಮೊದಮೊದಲು ನಾಲ್ಕೂ ಬೋಲ್ಟ್ ಬಿಗಿದು ಕೂರಿಸುತ್ತಾರೆ. ಕೆಲವು ದಿನ ಕಳೆದರೆ ಎರಡೇ ಬೋಲ್ಟ್, ಆಮೇಲೆ ಒಂದು, ಕೊನೆಗೆ ಗಾರ್ಡ್ ಗೋಡೆಗೆ ಒರಗಿರುತ್ತದೆ. ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡುತ್ತಾರೆ. ಇದನ್ನು ಉಡಾಫೆ ಎಂದು ತೀರ್ಮಾನಿಸುವ ಮೊದಲು ಬೆಲ್ಟ್ ತೊಳೆಯುವವರನ್ನೇ ಕೇಳಿ. ಮೀನಿನ ಚರ್ಮ ಸಿಕ್ಕಿಕೊಂಡಾಗಲೆಲ್ಲ ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್‌ಗಾಗಿ ಕಾಯಬೇಕು, ಕಾದರೆ ದಿನದ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಬೈಗುಳ ಎಂಬ ಉತ್ತರ ಬಂದರೆ, ಕೈ ಬೆರಳುಗಳನ್ನು ಅಪಾಯಕ್ಕೊಡ್ಡುತ್ತಿರುವುದು ನಿಮ್ಮ ದಿನದ ಲೆಕ್ಕವೇ ಹೊರತು ಅವರ ಸ್ವಭಾವವಲ್ಲ. ಕೀಲು ಹಾಕಿ, ತೆರೆದ ಕೂಡಲೇ ಬೆಲ್ಟ್ ತಾನಾಗಿ ನಿಲ್ಲುವಂತೆ ಸ್ವಿಚ್ ಜೋಡಿಸಿದ ಗಾರ್ಡ್ ಈ ಜಗಳವನ್ನೇ ಮುಗಿಸುತ್ತದೆ. ಹಾಗೆ ಮಾಡಿದ ಮೇಲೆ, ಇದು ಯಾರ ಮಾತಿನಿಂದ ಆದದ್ದೆಂದು ಅವರ ಒಪ್ಪಿಗೆ ಪಡೆದು ಪಾಳಿಯ ಆರಂಭದ ಐದು ನಿಮಿಷದ ಮಾತುಕತೆಯಲ್ಲಿ ಹೇಳಿ. ಪುಸ್ತಕದ ಎರಡನೆಯ ಸಾಲು ಬರೆಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ನಮ್ಮ ಕಡೆ ಆಯುಧ ಪೂಜೆಗೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ತಿಕ್ಕಿ ತೊಳೆದು, ಹೂವು ಏರಿಸುವ ಪದ್ಧತಿಯಿದೆ. ಕುಂಕುಮ ಹಚ್ಚುವ ಕೈ ಗಾರ್ಡಿನ ಬೋಲ್ಟನ್ನೂ ಒಮ್ಮೆ ಅಲುಗಾಡಿಸಿ ನೋಡಿದರೆ ದೇವರೇನೂ ಬೇಸರಪಡುವುದಿಲ್ಲ.

ಇನ್ನು ಭಾಷೆ. ನಿಮ್ಮಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವವರ ಜೊತೆಗೆ ಒಡಿಶಾ, ಬಂಗಾಳ, ಜಾರ್ಖಂಡ್‌ಗಳಿಂದ ಬಂದವರೂ ಇರಬಹುದು. ಕನ್ನಡ, ಇಂಗ್ಲಿಷ್‌ಗಳ ಫಲಕ ಅವರ ಪಾಲಿಗೆ ಬರಿಯ ಬಣ್ಣ. 2022ರ ಏಪ್ರಿಲ್‌ನಲ್ಲಿ ಬಜಪೆ ಸಮೀಪದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ವಿಷಾನಿಲ ಸೇವಿಸಿ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಸತ್ತರು. ತೊಟ್ಟಿಯಲ್ಲಿ ಕುಸಿದವನನ್ನು ಮೇಲೆತ್ತಲು ಇಳಿದವರೂ ಅವರಲ್ಲಿದ್ದರು. ಕೊಳೆತ ಮೀನಿನ ತ್ಯಾಜ್ಯದಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಏರಿದಂತೆ ಮೂಗಿನ ಶಕ್ತಿಯೇ ಸತ್ತುಹೋಗಿ ವಾಸನೆ ಇಲ್ಲವಾಗುತ್ತದೆ. ವಾಸನೆ ಹೋಯಿತೆಂದರೆ ಅಪಾಯ ಹೋಯಿತೆಂದು ಭಾವಿಸುವುದು ಸಹಜ; ಜೊತೆಗಾರ ಬಿದ್ದಾಗ ಹಿಂದೆಮುಂದೆ ನೋಡದೆ ಇಳಿಯುವುದೂ ಸಹಜ. ಅನಿಲ ಅಳೆಯದೆ, ಉಸಿರಾಟದ ಸಲಕರಣೆಯಿಲ್ಲದೆ, ಮೇಲೆ ಹಗ್ಗ ಹಿಡಿದವರಿಲ್ಲದೆ ಯಾರೂ, ಉಳಿಸುವ ಉದ್ದೇಶದಿಂದಲೂ, ಇಳಿಯಕೂಡದೆಂಬ ಮಾತು ಅವರವರ ಭಾಷೆಯಲ್ಲಿ, ಅವರ ನಡುವಿನವನ ಬಾಯಿಂದಲೇ ಬರಬೇಕು. ತೊಟ್ಟಿಯ ಪಕ್ಕದಲ್ಲೇ ನಿಂತು ಅಣಕು ಅಭ್ಯಾಸವನ್ನೂ ಮಾಡಿಸಬೇಕು.

ಸುರಕ್ಷತಾ ಸಮಿತಿಯಲ್ಲಿ ಗುತ್ತಿಗೆ ಕಾರ್ಮಿಕರಿಗೂ ಜಾಗ ಕೊಡಿಸಿ. ಭೋಪಾಲ ದುರಂತದ ಬಳಿಕ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯೇ ಅಪಾಯಕಾರಿ ಕಾರ್ಖಾನೆಗಳ ಇಂಥ ಸಮಿತಿಗಳಲ್ಲಿ ಆಡಳಿತದಷ್ಟೇ ಸಂಖ್ಯೆಯ ಕಾರ್ಮಿಕರು ಇರಬೇಕೆಂದಿತ್ತು. ಈಗ ಜಾರಿಯಲ್ಲಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಕಾರ್ಮಿಕರ ಸಂಖ್ಯೆ ಆಡಳಿತದವರಿಗಿಂತ ಕಡಿಮೆ ಇರಬಾರದೆನ್ನುತ್ತದೆ. ಆದರೆ ಮೇಸ್ತ್ರಿಯ ಆಪ್ತರನ್ನೇ ಆರಿಸಿ ಕೂರಿಸಿದರೆ ಆ ಸಮಾನತೆ ಹಾಜರಿ ಪುಸ್ತಕಕ್ಕಷ್ಟೇ.

ಪ್ರಶ್ನೆ: ನಾನು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸುವ ಕೆಲಸ ಮಾಡುತ್ತೇನೆ. ಸಿಪ್ಪೆಯ ಎಣ್ಣೆ ತಾಗಿ ಬೆರಳು ಸುಡುತ್ತದೆ. ಕೈಗವಸು ಹಾಕಿಕೊಳ್ಳಿ ಎನ್ನುತ್ತಾರೆ, ಆದರೆ ಹಾಕಿಕೊಂಡರೆ ಕೈ ಓಡುವುದಿಲ್ಲ. ನಮಗೆ ಸಂಬಳ ಕಿಲೋ ಲೆಕ್ಕದಲ್ಲಿ. ಇದನ್ನು ಯಾರಿಗೆ ಹೇಳುವುದು, ಹೇಳಿದರೆ ತೊಂದರೆಯಾಗದೇ?
— ಓದುಗರೊಬ್ಬರು, ಕಾರ್ಕಳ

ಉತ್ತರ: ನೀವು ಕೇಳಿರುವುದು ಮೇಲಿನ ಪ್ರಶ್ನೆಗಿಂತ ಕಷ್ಟದ್ದು, ಏಕೆಂದರೆ ಇಲ್ಲಿ ಸುರಕ್ಷತೆಯ ಖರ್ಚನ್ನು ನಿಮ್ಮ ದಿನಗೂಲಿಯಿಂದಲೇ ಕಳೆಯಲಾಗುತ್ತಿದೆ. ಕೈಗವಸು ಧರಿಸಿ ಕೆಲಸ ಮಾಡಿದಾಗ ಎಷ್ಟು ಕಿಲೋ ಆಗುತ್ತದೋ ಅದನ್ನು ಆಧಾರವಾಗಿಟ್ಟು ದರ ನಿಗದಿಯಾಗುವ ತನಕ “ಹಾಕಿಕೊಳ್ಳಿ” ಎಂಬ ಆಜ್ಞೆಗೆ ಬೆಲೆಯಿಲ್ಲ ಎಂಬುದು ನನ್ನ ಅಭಿಪ್ರಾಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ, 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ ಪ್ರಕಾರ ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ಕಾರ್ಮಿಕರಿಂದ ಹಣ ಪಡೆಯುವಂತಿಲ್ಲ, ಮತ್ತು ಗಂಭೀರ ಗಾಯದ ಭೀತಿಯಿದ್ದರೆ ಮಾಲೀಕರಿಗೂ ಸರ್ಕಾರದ ನಿರೀಕ್ಷಕರಿಗೂ ಏಕಕಾಲಕ್ಕೆ ತಿಳಿಸುವ ಹಕ್ಕು ನಿಮಗಿದೆ. ಒಬ್ಬರೇ ಹೋಗಬೇಡಿ. ಒಂದೇ ಸಾಲಿನಲ್ಲಿ ಕೂರುವ ಹತ್ತು ಮಂದಿ ಸಹಿ ಹಾಕಿ, ತೆಳುವಾದ, ಬೆರಳಿಗೆ ಹೊಂದುವ ಕೈಗವಸು ಮತ್ತು ದರದ ಮರುಲೆಕ್ಕ ಎರಡನ್ನೂ ಒಂದೇ ಪತ್ರದಲ್ಲಿ ಕೇಳಿ. ಸ್ವೀಕೃತಿಯ ಸಹಿಯಿರುವ ಪ್ರತಿಯನ್ನು ಮನೆಯಲ್ಲಿಡಿ. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಪತ್ರದ ನಕಲನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಕಳುಹಿಸಿ. ಅಷ್ಟರಲ್ಲಿ ಚರ್ಮ ಒಡೆದು ಗಾಯವಾಗಿದ್ದರೆ ವೈದ್ಯರಿಗೆ ತೋರಿಸಿ, ಯಾವ ಕೆಲಸದಿಂದ ಆದದ್ದೆಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.